ಡೋಣಿಗೆ ಕಳಿಸಿದ ಸೀರೆಗಳು

ಸಾವಿರದ ಒಂಬೈನೂರ ನಲವತ್ನಾಲ್ಕರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಇನ್ನೂ ಅರ್ಧ ಉಳಿದಿತ್ತು. ಅಪ್ಪನ ಕಣ್ಣು ಮಂಜಾಗಿ ಎಳೆ ಕಾಣದಾಯಿತು. ಬೆಟಗೇರಿಯ ನಮ್ಮ ಮನೆಯಲ್ಲಿ ನೆಲ ಅಗೆದು ಕೂಡಿಸಿದ ಕುಣಿಮಗ್ಗ ಖಾಲಿ ಇರುವಂತಿರಲಿಲ್ಲ. ಪಾಟಿ ಪುಸ್ತಕ ಗೋಡೆಯ ಮಾಡದಲ್ಲಿಟ್ಟು ಕುಣಿಯಲ್ಲಿ ಕಾಲು ಇಳಿಬಿಟ್ಟೆ. ಅದಕ್ಕಾಗಿ ಎಂದೂ ಅತ್ತವನಲ್ಲ. ನನಗೆ ಇಪ್ಪತ್ತು ತುಂಬುವುದರೊಳಗೆ, ಸೀರೆಯಂಚಿನ ದಡಿ ನೋಡಿಯೇ ಇದು ನನ್ನ ಕೈ ಎಂದು ಹೇಳುವ ವ್ಯಾಪಾರಿಗಳು ಗದಗಿನಲ್ಲಿದ್ದರು.

ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಮನೆತನ. ನನ್ನ ಹೆಂಡತಿ ಡೋಣಿ ಎಂಬ ಹಳ್ಳಿಯ ಒಕ್ಕಲು ಮನೆಯ ಮಗಳು. ಚಿಕ್ಕಮ್ಮನ ಆರೈಕೆಗೆಂದು ನಮ್ಮೂರ ಮಿಶನ್ ದವಾಖಾನೆಗೆ ಬಂದು ಎರಡು ತಿಂಗಳು ಉಳಿದವಳು, ಅಲ್ಲಿಯ ಸಂಜೆಯ ಪ್ರಾರ್ಥನೆಗೆ ಕಿವಿಗೊಟ್ಟಳು. ಮೊದಲು ಯೇಸುವನ್ನು ಒಪ್ಪಿಕೊಂಡಳು, ಆಮೇಲೆ ನನ್ನನ್ನು. ಈ ಕ್ರಮವನ್ನು ಇಂದಿಗೂ ಆಗಾಗ ನೆನಪು ಮಾಡಿಕೊಡುತ್ತಾಳೆ. ಐವತ್ತರಲ್ಲಿ ನಮ್ಮ ಮದುವೆಯಾಯಿತು. ಅವಳಪ್ಪ ದವಾಖಾನೆಯ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದ: "ಇವತ್ತಿಗೆ ನೀ ನಮ್ಮ ಪಾಲಿಗೆ ಸತ್ತಿ. ನಮ್ಮ ಹೊಸ್ತಲಾ ತುಳೀಬ್ಯಾಡ."

ಅಪ್ಪನ ಮಾತನ್ನು ಅವಳು ನುಂಗಿಕೊಂಡಳು. ಆದರೆ ಅವ್ವನ ಮುಖ ನೋಡದೆ ಇರುವುದು ಅವಳಿಂದಾಗಲಿಲ್ಲ. ಚೊಚ್ಚಲ ಬಾಣಂತನಕ್ಕೂ ತವರಿಲ್ಲದಾದಾಗ ನಾವಿಬ್ಬರೂ ಒಂದು ನೇಮ ಹಿಡಿದೆವು. ಬೆಳಿಗ್ಗೆ ಅವಳು ನೂಲಿನ ಕಂಡಿಕೆ ಸುತ್ತಲು ರಾಟಿಯ ಮುಂದೆ ಕೂಡುವ ಮೊದಲು, ನಾನು ಕುಣಿಗಿಳಿಯುವ ಮೊದಲು, ಒಂದೇ ಮಾತು: "ಕರ್ತನೇ, ಡೋಣಿಯ ಬಾಗಿಲು ತೆರೆ." ಆಮೇಲೆ ಕೆಲಸ.

ಬರಿ ಬಾಯಿಂದ ಬೇಡಿ ಕೈ ಕಟ್ಟಿ ಕೂಡುವ ಜಾತಿಯವನಲ್ಲ ನಾನು. ಪ್ರತಿ ಸಂಕ್ರಾಂತಿಗೆ ಕೆಂಪು ದಡಿಯ ಹಸಿರು ಸೀರೆಯೊಂದನ್ನು ನೇಯ್ದು, ಗದಗಿನ ಪ್ಯಾಟಿಗೆ ಅರಳೆ ಹೇರಿಕೊಂಡು ಬರುವ ಡೋಣಿಯ ಗಾಡಿಯವನ ಕೈಯಲ್ಲಿ ಅತ್ತೆಗೆ ಕಳಿಸುತ್ತಿದ್ದೆ. ಮುತ್ತೈದೆ ತಾಯಿಗೆ ಮಗಳು ಕೊಡುವ ಸೀರೆ ಹಸಿರಲ್ಲದೆ ಇನ್ನೇನು?

ಮೊದಲ ವರ್ಷದ್ದು ಎಂಟು ದಿನದಲ್ಲಿ ಮರಳಿ ಬಂತು.

"ನಿಮ್ಮ ಮಾವ ಅಂದ್ರು," ಎಂದ ಗಾಡಿಯವನು, "ಸತ್ತವರ ಕಡಿಂದ ಸೀರಿ ತಗೊಳ್ಳೂ ರೂಢಿ ನಮ್ಮಲ್ಲಿಲ್ಲ ಅಂತ."

ನಾನು ನಕ್ಕೆ. ಹೆಂಡತಿ ನಗಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಇಂಥದೇ ಮಾತು ಬಂತು. ನಾಲ್ಕನೆಯ ವರ್ಷ ಸೀರೆ ಬಂತು, ಬೈಗುಳ ಬರಲಿಲ್ಲ. ಐದು, ಆರು, ಹಾಗೆಯೇ. ಬೈಗುಳ ನಿಂತಿತೆಂದರೆ ಮಾವನ ಮನಸ್ಸು ಮೆತ್ತಗಾಗುತ್ತಿದೆ ಎಂದು ನಾನು ಲೆಕ್ಕ ಹಾಕಿದೆ. ಐತವಾರದ ಸಭೆಯಲ್ಲಿ ಎದ್ದು ನಿಂತು, ಇದು ದೇವರ ಕೆಲಸವೆಂದು ಸಾಕ್ಷಿಯನ್ನೂ ಹೇಳಿಬಿಟ್ಟೆ.

ಪಕ್ಕದ ಮನೆಯ ನೇಕಾರ ಗೆಳೆಯ ಚಾಷ್ಟಿ ಮಾಡುತ್ತಿದ್ದ. "ಲೇ, ನಿಮ್ಮ ದೇವ್ರಿಗೆ ಡೋಣಿ ದಾರಿ ಗೊತ್ತಿಲ್ಲೇನೋ?"

"ಗೊತ್ತೈತಿ. ನಡಕೋಂತ ಹೊಂಟಾನ."

"ಮುಂಡರಗಿ ಬಸ್ ಹತ್ತಂತ ಹೇಳಲೇ, ಜಲ್ದಿ ಮುಟ್ಟತಾನ!"

ಸಭೆಯ ಹಿರಿಯರೊಬ್ಬರು ಮಾತ್ರ ನಿಜವಾದ ಕಕ್ಕುಲಾತಿಯಿಂದ ಹೇಳಿದರು: "ತಮ್ಮಾ, ದೇವರು 'ಇಲ್ಲ' ಅನ್ನೋದೂ ಒಂದ ಉತ್ತರನ."

"ಇಲ್ಲ ಅಂದಿದ್ರ ನನಗ ಕೇಳಸ್ತಿತ್ರಿ ಹಿರ್ಯಾರ. ನನ್ನ ಕಿವಿ ಚಲೋ ಅದಾವು."

ಮುಂಬೈ ಸರಕಾರ ಹೋಗಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಗದಗಿನ ಟಾಂಗಾಗಳಿಗೆ ಕಟ್ಟಿದ್ದ ಮಾಲೆಗಳು ಒಣಗಿ ಉದುರಿದ ಮೇಲೆ, ಮತ್ತೆ ಸಂಕ್ರಾಂತಿ ಬಂತು. ಏಳನೆಯ ಸೀರೆ ಮಡಿಸಿ ಗಾಡಿಯವನ ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ.

"ಈ ಸಲ ನಾ ಒಯ್ಯಂಗಿಲ್ಲ."

"ಯಾಕೋ ಮಾರಾಯಾ, ಗಾಡ್ಯಾಗ ಜಾಗಾ ಇಲ್ಲೇನು?"

"ಜಾಗಾ ಐತಿ. ನನಗ ಮುಖಾ ಇಲ್ಲ. ಗಂಡನ್ನ ಕಳಕೊಂಡಾಕಿಗೆ ವರ್ಷಾ ಹಸರ ಸೀರಿ ಹೊತ್ಕೊಂಡ ಹೋಗ್ಲೇನು?"

ಒಳಗೆ ರಾಟಿ ನಿಂತಿತು. ಹೆಂಡತಿ ಹೊರಗೆ ಬಂದಳು. "ಏನಂದಿ ಕಾಕಾ?"

ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಎಲ್ಲ ಹೇಳಿದ. ಅವಳಪ್ಪ ತೀರಿಕೊಂಡು ನಾಲ್ಕು ಮಳೆಗಾಲ ಕಳೆದಿದ್ದವು. ಬೆಟಗೇರಿಗೆ ಸುದ್ದಿ ಮುಟ್ಟಿಸಬಾರದೆಂದು ಸಾಯುವ ಮುಂಚೆ ಎಲ್ಲರಿಂದ ಆಣೆ ತೆಗೆದುಕೊಂಡಿದ್ದ. "ನಿಮ್ಮವ್ವ ವರ್ಷಾ ಸೀರಿ ಬಿಚ್ಚಿ ತೊಡಿಮ್ಯಾಲ ಹರವಿಕೊಂಡ ಕುಂಡ್ರತಾಳ. ದೀಪಾ ಹಚ್ಚೂ ಹೊತ್ತಿಗೆ ಮಡಚಿ, ಇದು ನನಗಲ್ಲ ಅಂತ ತಿರುಗಿ ಕೊಡ್ತಾಳ. ನೀವ ತಿಳಕೋತೀರಿ ಅಂತ ಮಾಡಿದ್ದೆ."

ನನಗೆ ತಿಳಿದಿರಲಿಲ್ಲ. ನನ್ನ ಕೈಯಾರೆ ಮೂರು ಸಲ ಆ ತಾಯಿಯ ಗಾಯಕ್ಕೆ ಉಪ್ಪು ಸವರಿ, ಅದನ್ನೇ ದೇವರ ಕೆಲಸವೆಂದು ಸಾಕ್ಷಿ ಹೇಳಿದ್ದೆ.

ಎರಡು ದಿನ ಅವಳು ಅಪ್ಪನಿಗಾಗಿ ಅತ್ತಳು. ಎರಡು ಬೆಳಿಗ್ಗೆ ನನಗೆ ಪ್ರಾರ್ಥನೆಗೆ ಬಾಯಿ ಬರಲಿಲ್ಲ. ಮೂರನೆಯ ದಿನ ಅವಳು ಬಿಳಿ ನೂಲು ತಂದು ರಾಟಿಯ ಮುಂದೆ ಕುಳಿತಳು.

"ಪ್ರಾರ್ಥನಾ ನೀವು ಮಾಡ್ತೀರೋ, ನಾ ಮಾಡ್ಲೋ?"

ಅವಳೇ ಮಾಡಿದಳು. ಅದೇ ಮಾತು.

ದಡಿಗೆ ಬಣ್ಣವಿಲ್ಲದ ಸೀರೆ ನಾನು ಅಲ್ಲಿಯವರೆಗೆ ನೇಯ್ದಿರಲಿಲ್ಲ. ಬಿಳಿಯಲ್ಲಿ ಒಂದೆಳೆ ತಪ್ಪಿದರೂ ಎದ್ದು ಕಾಣುತ್ತದೆ, ಚೆನ್ನಾಗಿ ನೇಯ್ದರೆ ಯಾರ ಕೈ ಎಂದು ತಿಳಿಯುವುದಿಲ್ಲ. ಐದು ದಿನ ಹಿಡಿಯಿತು. ಗಾಡಿಯವನಿಗೆ ಕೊಡಲಿಲ್ಲ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಾವೇ ಹೊರಟೆವು.

ಡೋಣಿಯಲ್ಲಿ ಹೊಸ್ತಿಲ ಈಚೆಗೇ ನಿಂತೆವು. ಪಕ್ಕದ ಕಣದಲ್ಲಿ ಹಂತಿ ಹೊಡೆಯುತ್ತಿದ್ದ ನನ್ನ ಇಬ್ಬರು ಮೈದುನರು, ಹೆಂಡತಿಯ ತಮ್ಮಂದಿರು, ನಮ್ಮನ್ನು ನೋಡಿ ಬೆನ್ನು ತಿರುಗಿಸಿದರು. ಅತ್ತೆ ಬಂದಳು. ಮಗಳ ಮುಖ ನೋಡಲಿಲ್ಲ; ನನ್ನ ಕೈಯಲ್ಲಿದ್ದ ಸೀರೆ ಇಸಿದುಕೊಂಡು, ಬಿಚ್ಚಿ, ದಡಿಯ ಮೇಲೆ ಬೆರಳಾಡಿಸಿದಳು.

"ಇಷ್ಟ ವರ್ಷಾ ಬೇಕಾತೇನ ಅಳಿಯಾ, ನನ್ನ ಸೀರಿ ನೇಯಾಕ?"

"ತಪ್ಪಾತ್ರಿ."

"ತಪ್ಪ ನಿಂದಷ್ಟ ಅಲ್ಲ." ಆಗ ಮಗಳ ಕಡೆ ತಿರುಗಿದಳು. "ನಿಂತ್ಯಾಕವಾ? ಹುಡುಗ್ರ ಹಸದಾವು, ಒಳಗ ಕರಕೊಂಡ ಬಾ."

ಮಾವನ ಮನಸ್ಸು ಕರಗಲಿ ಎಂದು, ಅವನು ಮಣ್ಣಾದ ಮೇಲೂ ನಾನು ಮೂರೂವರೆ ವರ್ಷ ಬೇಡಿದ್ದೆ. ಆ ಪ್ರಾರ್ಥನೆಗಳನ್ನು ದೇವರು ಏನು ಮಾಡಿದನೋ ಅರಿಯೆ. ಚೆಲ್ಲಿದನೆಂದು ಮಾತ್ರ ನಂಬಲಾರೆ. ಮುದುಕಿಯ ಮನಸ್ಸು ಅಷ್ಟು ದಿನ ಯಾರದೋ ಕೈಯಲ್ಲಿ ಇದ್ದೇ ಇತ್ತು. ತಡವಾಯಿತೆಂದು ನಾವು ಬಿಟ್ಟಿದ್ದರೆ ಆರನೆಯ ಸೀರೆಗೇ ಬಿಡುತ್ತಿದ್ದೆವು, ಗಾಡಿಯವನಿಗೆ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಬೇಡುವವನು ಬಿಡಬಾರದು, ಇಷ್ಟು ನನಗೆ ಖಾತ್ರಿ. ಮೈದುನರಿಗಾಗಿ ಈಗಲೂ ಬೇಡುತ್ತೇವೆ.

ಈಗ ನನಗೆ ಮಗ್ಗ ಎರಡು, ಹಂಚಿನ ಮನೆ ಒಂದು, ಮಕ್ಕಳು ನಾಲ್ವರು, ವರ್ಷಕ್ಕೆ ಎರಡು ತಿಂಗಳು ಬಂದಿರುವ ಅತ್ತೆ ಒಬ್ಬಳು, ಮಾತಾಡದ ಮೈದುನರು ಇಬ್ಬರು.