ಎಲ್ಲರಿಗೂ ತಿಳಿಸಲಾಗಿದೆ

ಟಕ್. ಟಕ್ ಟಕ್. ಟಕ್.

ಹೋದ ಭಾನುವಾರ ಮಧ್ಯಾಹ್ನ ಎರಡೂವರೆಯಿಂದ ಈ ಸದ್ದು ಕೇಳುತ್ತಲೇ ಇತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತಿಪಟೂರಿನಲ್ಲಿದ್ದುಕೊಂಡು ಈ ಸದ್ದಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ? ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಒಂದು ಕೊಬ್ಬರಿ ಶೆಡ್ಡಿದೆ. ಒಣಗಿದ ಕಾಯಿಯ ಚಿಪ್ಪು ಒಡೆಯುವ ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೂ ಅಲ್ಲಿ ಕೂತಿರುತ್ತಾರೆ. ನಮ್ಮ ಕಿವಿಗೆ ಅದು ಸದ್ದೇ ಅಲ್ಲ.

ಅವತ್ತು ನಮ್ಮಲ್ಲಿ ಮೆಂಟೆನೆನ್ಸ್. (ಒಂದು ದೊಡ್ಡ ವಿದ್ಯಾಸಂಸ್ಥೆಯ ಕಂಪ್ಯೂಟರ್ ವಿಭಾಗ ನನ್ನ ಹೊಟ್ಟೆಪಾಡು ಅನ್ನೋದು ನಿಮಗೆ ಗೊತ್ತೇ ಇದೆ.) ಇಲ್ಲಿನ ಎರಡು ಕಾಲೇಜು, ತುರುವೇಕೆರೆಯ ಹಾಸ್ಟೆಲ್ಲು, ಹುಳಿಯಾರಿನ ಶಾಲೆ, ಎಲ್ಲಕ್ಕೂ ಒಂದೇ ಸರ್ವರ್. ಅದನ್ನು ಎರಡರಿಂದ ಆರು ಗಂಟೆಯವರೆಗೆ ಆಫ್ ಮಾಡಿ ಹೊಸದು ಕೂರಿಸಬೇಕು. ಕೂರಿಸುವ ಕೆಲಸ ಇಂಜಿನಿಯರ್ ಮಹೇಶನದು. ಎಲ್ಲರಿಗೂ ತಿಳಿಸುವ ಕೆಲಸ ನನ್ನದು.

ತಿಳಿಸಿದ್ದೆ ಕಣ್ರೀ! ವಾರ ಮೊದಲೇ ಇಮೇಲ್. ಮೂರು ದಿನ ಮೊದಲು ವಾಟ್ಸಾಪ್. ಶನಿವಾರ ಮತ್ತೊಂದು ಸಲ. ‘ನಿಗದಿತ ನಿರ್ವಹಣೆಯ ಅವಧಿಯಲ್ಲಿ ನೆಟ್‌ವರ್ಕ್ ಅವಲಂಬಿತ ಸೇವೆಗಳು ಲಭ್ಯವಿರುವುದಿಲ್ಲ.’ ಎಷ್ಟು ಗಂಭೀರ ವಾಕ್ಯ! ಬರೆದು ಎರಡು ಸಲ ಓದಿಕೊಂಡು ಖುಷಿಪಟ್ಟಿದ್ದೆ. ಥಂಬ್ಸ್ ಅಪ್ಪುಗಳ ಸಾಲೇ ಬಂತು. ಇನ್ನೇನು ಬೇಕು?

ಎರಡಕ್ಕೆ ಸರಿಯಾಗಿ ಮಹೇಶ ಸ್ವಿಚ್ ಆರಿಸಿದ.

ಎಲ್ಲ ಆಫ್ ಆದ ಕಟ್ಟಡದೊಳಗೆ ಯಾವತ್ತಾದರೂ ನಿಂತಿದ್ದೀರಾ? ಇಷ್ಟು ದಿನ ಅಲ್ಲೊಂದು ಗುಂಯ್‌ಗುಟ್ಟುವಿಕೆ ಇತ್ತು ಅನ್ನೋದು ಅದು ನಿಂತಾಗಲೇ ತಿಳಿಯೋದು. ಎಸಿ ಇಲ್ಲ, ಪ್ರಿಂಟರ್ ಇಲ್ಲ, ತಂತಾನೇ ಹೊಡೆಯುವ ಬೆಲ್ ಇಲ್ಲ. ಸಾಲಾಗಿ ಕಪ್ಪಗಾದ ಪರದೆಗಳು. ಪಕ್ಕದಲ್ಲಿ ಹಾದುಹೋದರೆ ಒಂದೊಂದರಲ್ಲೂ ನನ್ನದೇ ಮುಖ. ಹೊರಗೆ ತೋಟದಲ್ಲಿ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

ಟಕ್. ಟಕ್ ಟಕ್.

ಮೂರೂವರೆಗೆ ಪರೀಕ್ಷಾ ವಿಭಾಗದ ಕಾರಿಡಾರಿನಲ್ಲಿ ಅಡ್ಡಾಡುತ್ತಾ ಸಂಸ್ಥೆಯ ಸೆಕ್ರೆಟರಿಗೆ ಫೋನ್ ಮಾಡಿದೆ. “ಎಲ್ರಿಗೂ ತಿಳಿಸಿದೀನಿ ಸಾರ್. ಒಂದೇ ಒಂದು ಕಂಪ್ಲೇಂಟಿಲ್ಲ.” ಅವರು ಏನೋ ತಮಾಷೆ ಮಾಡಿದರು. ನಾನು ಜೋರಾಗಿ ನಕ್ಕೆ.

ನಾಲ್ಕೂಕಾಲಿಗೆ ಟೀ ಕುಡಿಯಲು ಗೇಟು ದಾಟಿ ಶೆಡ್ಡಿನ ಮುಂದೆ ಬಂದೆ. ಬಾಗಿಲಿಗೆ ಬೀಗ. ಶೆಡ್ಡಿನ ಮಾಲೀಕ ರುದ್ರೇಶಣ್ಣ ಮೊಪೆಡ್ ನಿಲ್ಲಿಸಿಕೊಂಡು ಯಾರಿಗೋ ಕಾಯುತ್ತಿದ್ದರು.

“ಏನಣ್ಣ, ಒಳಗೆ ಕೂಡಿಹಾಕಿ ಕೆಲಸ ಮಾಡಿಸ್ತಿದೀರಾ?” ಅಂದೆ.

“ಯಾರಿದಾರೆ ಒಳ್ಗೆ? ಬೆಳಿಗ್ಗೆನೇ ಎಲ್ರೂ ಹೊನ್ನವಳ್ಳಿಗೆ ಮದ್ವೆಗೆ ಹೋದ್ರು ಕಣಪ್ಪ. ಇವತ್ತು ಒಂದು ಕಾಯೂ ಒಡೆದಿಲ್ಲ.”

ಟಕ್. ಟಕ್.

ರುದ್ರೇಶಣ್ಣ ನಿಧಾನಕ್ಕೆ ತಲೆ ತಿರುಗಿಸಿದ್ದು ಶೆಡ್ಡಿನ ಕಡೆಗಲ್ಲ, ನಮ್ಮ ಕಟ್ಟಡದ ಕಡೆಗೆ. ಗೋಡೆಯ ಮೇಲ್ತುದಿಯಲ್ಲಿ ಒಂದು ಗಾಳಿಕಿಂಡಿ. ಅದರ ಹಿಂದೆ ಕತ್ತಲೆ.

ನಾವು ನೋಡುತ್ತಿದ್ದಂತೆಯೇ ಸದ್ದು ನಿಂತಿತು.

ಹತ್ತಿರ ಹತ್ತಿರ ಎರಡು ಗಂಟೆ ಕಾಲ ಕೇಳಿಯೂ ಹೆದರದವನು ಅದು ನಿಂತ ಕ್ಷಣ ಹೆದರಿದೆ. ಓಡಿದೆ. ಆ ಕಿಂಡಿ ಇರುವುದು ಪ್ರಶ್ನೆಪತ್ರಿಕೆಗಳ ಕೋಣೆಗೆ. ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ, ಬೆಂಚಿನ ಮೇಲೆ ಒಂದು ವ್ಯಾನಿಟಿ ಬ್ಯಾಗು. ಫೋನಿನಲ್ಲಿ ನಗುತ್ತಾ ಅವುಗಳ ಪಕ್ಕದಲ್ಲೇ ಅಡ್ಡಾಡಿದ್ದೆನಲ್ಲ!

ಸರ್ವಮಂಗಳಮ್ಮ. ಬಿಳಿಗೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ಗುಮಾಸ್ತೆ. ಪರೀಕ್ಷೆಯ ಕೆಲಸವಿದೆಯೆಂದು ಭಾನುವಾರವೂ ಬಂದಿದ್ದರು. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಪಿಸುಮಾತಿಗಿಂತ ಒಂಚೂರು ಹೆಚ್ಚು, ಅಷ್ಟೇ. ಆ ಬಾಗಿಲು ಕಾರ್ಡ್ ತೋರಿಸಿದರೆ ತೆರೆಯುವಂಥದ್ದು. ಒಳಗಿನಿಂದ ಬರಲಿಕ್ಕೂ ಕಾರ್ಡೇ. ಎರಡು ಕಡೆಯಿಂದಲೂ ಅದು ಸರ್ವರನ್ನು ಕೇಳಿಯೇ ತೆರೆಯುವುದು. ಆ ಭಾಗದ ದೀಪವನ್ನೂ ಮಹೇಶ ಆರಿಸಿದ್ದ. ಒಳಗೆ ಫೋನ್ ಒಯ್ಯುವಂತಿಲ್ಲ. (ಆ ನಿಯಮ ಬರೆದವನೂ ನಾನೇ.)

“ಸರ್ವರ್ ಏಳೋಕೆ ಇನ್ನೂ ಮುಕ್ಕಾಲು ಗಂಟೆ ಬೇಕು ಸಾರ್,” ಅಂದ ಮಹೇಶ. ಅಷ್ಟರಲ್ಲಿ ರುದ್ರೇಶಣ್ಣ ಶೆಡ್ಡಿನಿಂದ ಹಾರೆ ಹಿಡಿದು ಬಂದರು. “ಸರ್ವರ್ ಬುಡು, ಅತ್ಲಾಗೆ ಸರಿ,” ಅಂದವರೇ ಬಾಗಿಲಿನ ಸಂದಿಗೆ ಹಾರೆ ಹಾಕಿ ಮೀಟಿದರು.

ಆಕೆ ಕಬ್ಬಿಣದ ಕಪಾಟಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಪೇಪರ್‌ವೇಟ್. ಕಣ್ಣು ತೆರೆದೇ ಇತ್ತು. ನಮ್ಮನ್ನು ನೋಡಿದರು, ಆದರೆ ಏಳಲಿಲ್ಲ, ಅಳಲಿಲ್ಲ. ನಾನು ಹತ್ತಿರ ಹೋಗಿ ಭುಜ ಮುಟ್ಟಿದೆ. ಆಗ ಬೆಚ್ಚಿಬಿದ್ದು ನನ್ನ ಕೈ ಹಿಡಿದುಕೊಂಡರು. ಬಿಡಲೇ ಇಲ್ಲ.

ನೀರು ಕುಡಿದ ಮೇಲೆ ಹೇಳಿದರು.

“ನಿಮ್ ಮಾತೆಲ್ಲಾ ಕೇಳ್ತಿತ್ತು ಸಾರ್. ನೀವು ನಕ್ಕಿದ್ದೂ ಕೇಳ್ತು. ನಾನು ಕೂಗ್ದೆ, ತಟ್ಟಿದೆ. ನೀವು ಬಾಗ್ಲವರೆಗೂ ಬಂದ್ರಿ, ಹೋದ್ರಿ. ‘ಎಲ್ರಿಗೂ ತಿಳಿಸಿದೀನಿ’ ಅಂದ್ರಿ. ಆಮೇಲೆ ನಂಗೆ ಬೇರೇನೇ ಅನ್ನಿಸ್ತು. ಎಲ್ರ ಮಾತೂ ನಂಗೆ ಕೇಳ್ತದೆ, ನನ್ದು ಯಾರಿಗೂ ಕೇಳಲ್ಲ. ಬಹುಶಃ ನಾನು ಹೋಗ್ಬುಟ್ಟಿದೀನಿ, ಸತ್ಮೇಲೆ ಹಿಂಗೇ ಇರೋದು ಅಂದ್ಕೊಂಡೆ. ಹೆದರ್ಕೇನೂ ಹೋಯ್ತು. ಅದಕ್ಕೇ ತಟ್ಟೋದು ನಿಲ್ಸಿದೆ.”

“ನನ್ನ ಮೆಸೇಜು ಬಂದಿರಲಿಲ್ವಾ ಅಮ್ಮ?” ಅಂತ ಕೇಳಿದೆ. ಕೇಳಬಾರದಿತ್ತು.

“ಬಂದಿತ್ತು ಸಾರ್. ಸೇವೆಗಳು ಇರಲ್ಲ ಅಂತಿತ್ತು. ಬಾಗ್ಲು ತೆಗೆಯಲ್ಲ ಅಂತ ಎಲ್ಲಿತ್ತು?”

ಮರುದಿನ ಅವರು ರಜೆ ಹಾಕಿದರು. ಮಂಗಳವಾರ ಬಂದರು. ಈಗ ಆ ಬಾಗಿಲಿಗೆ ಒಂದು ಸ್ಟೂಲು ಅಡ್ಡ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಅದು ನಿಯಮಕ್ಕೆ ವಿರುದ್ಧ. ತೆಗೆಯಿರಿ ಅನ್ನುವ ಧೈರ್ಯ ಸಂಸ್ಥೆಯಲ್ಲಿ ಯಾರಿಗೂ ಇಲ್ಲ, ನನಗಂತೂ ಮೊದಲೇ ಇಲ್ಲ.

ಅವತ್ತು ಅರ್ಧಕ್ಕೇ ನಿಂತ ಕೆಲಸಕ್ಕಾಗಿ ಈ ಭಾನುವಾರ ಮತ್ತೆ ಎಲ್ಲ ಆಫ್ ಮಾಡಬೇಕಿತ್ತು. ಈ ಸಲ ನೋಟಿಸಿನಲ್ಲಿ ಬಾಗಿಲು, ದೀಪ, ಲಿಫ್ಟು ಅಂತ ಒಂದೊಂದನ್ನೇ ಹೆಸರಿಸಿ ಬರೆದೆ. ಬೇರೆ ಊರುಗಳಿಗೆ ನಾನೇ ಫೋನ್ ಮಾಡಿ, ಅಲ್ಲೂ ಕೋಣೆ ಕೋಣೆ ನೋಡಿಸಿದೆ. ಇಲ್ಲಿ ನಾನೇ ಒಂದೊಂದು ಬಾಗಿಲೂ ತೆರೆದು ಕೂಗಿದೆ: “ಒಳಗೆ ಯಾರಾದ್ರೂ ಇದೀರಾ?”

ಕೊನೆಯದು ಹಳೇ ಲ್ಯಾಬು. ಕೂಗಿದೆ, ಕಾದೆ, ಬಾಗಿಲು ಮುಚ್ಚಿದೆ. ನಾಲ್ಕು ಹೆಜ್ಜೆ ನಡೆದವನು ವಾಪಸು ಬಂದು ಮತ್ತೆ ತೆರೆದೆ.

ಉತ್ತರ ಬರಲಿಲ್ಲ ಅಂದರೆ ಒಳಗೆ ಯಾರೂ ಇಲ್ಲ ಅಂತಲೇ ಅರ್ಥವಾ?