ಕೇಳದೆ ಬಂದ ನಲ್ಲಿ

ಪುಕ್ಕಟೆ ಸಿಕ್ಕಿದ್ದನ್ನು ನಾನು ಎರಡು ಸಲ ಮೂಸಿ ನೋಡುವವಳು. ಎಂಬತ್ತರ ದಶಕದ ಒಂದು ಬೆಳಿಗ್ಗೆ, ಆರ್.ಟಿ. ನಗರದ ನಮ್ಮ ಗೇಟಿನ ಮುಂದೆ ಕಾರ್ಪೊರೇಷನ್ ಆಳುಗಳು ಗುಂಡಿ ತೋಡತೊಡಗಿದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಅನುಮಾನ. ಬೀದಿಗೆಲ್ಲ ಒಂದೇ ನಲ್ಲಿ ಮಂಜೂರಾಗಿತ್ತು. ಅದಕ್ಕಾಗಿ ಎಲ್ಲರೂ ಕಾರ್ಪೊರೇಟರ್ ಮನೆಗೆ ಅಲೆದಿದ್ದರು. ನಾನೊಬ್ಬಳೇ ಹೋಗಿರಲಿಲ್ಲ.

ಆ ಮನುಷ್ಯ ಮೊದಲು ಸೌದೆ ಡಿಪೋ ನಡೆಸುತ್ತಿದ್ದವರು. ಹಸಿ ಸೌದೆಯಾದರೆ ಹಸಿ ಎಂದು ಹೇಳಿಯೇ ಕೊಡುತ್ತಿದ್ದರು. ಅದೊಂದೇ ಕಾರಣಕ್ಕೆ ಅವರಿಗೆ ವೋಟು ಹಾಕಿದ್ದೆ, ಯಾರಿಗೂ ಹೇಳಿರಲಿಲ್ಲ. ಗೆದ್ದಮೇಲೆ ಅಂಗಿ ಬೆಳ್ಳಗಾಯಿತು, ಹಿಂದೆ ನಾಲ್ಕು ಜನ ಸೇರಿಕೊಂಡರು, ಕಂಡಕಂಡವರಿಗೆ ಕೈ ಮುಗಿಯುವುದು ಶುರುವಾಯಿತು. ಈಗ ಈ ನಲ್ಲಿ. ಪಕ್ಕದ ನಮ್ಮ ಖಾಲಿ ಸೈಟಿನ ಮೇಲೆ ಕಣ್ಣಿರಬೇಕು ಎಂದುಕೊಂಡೆ.

"ಸುಮ್ನೆ ನೀರು ಹಿಡ್ಕೊಳ್ಳೇ, ನಿಂಗ್ಯಾಕೆ ರಾಜಕೀಯ?" ಎಂದರು ನಮ್ಮವರು.

ಬೀದಿಯ ಅನುಮಾನವೆಲ್ಲ ನನ್ನ ಮೇಲೆ ತಿರುಗಿತು. ಎದುರು ಮನೆಯ ಆಪಾ ಮತ್ತು ನಾನು ವರ್ಷಗಟ್ಟಲೆ ದೂರದ ಬಾವಿಗೆ ಜೊತೆಯಾಗಿ ಹೋಗಿ ಬಂದವರು. ನಲ್ಲಿ ಅವಳ ಮನೆ ಮುಂದೆ ಬರುತ್ತದೆಂದು ಮಾತಾಗಿತ್ತು.

"ಕಾರ್ಪೊರೇಟರ್ ಹತ್ರ ಯಾವಾಗ ಹೋಗಿದ್ದೆ? ನಂಗೆ ಹೇಳೇ ಇಲ್ಲ," ಎಂದಳು.

ಹೋಗಿಲ್ಲ ಎಂದು ಆಣೆ ಇಟ್ಟೆ.

"ಹೋಗ್ದೇನೇ ನಲ್ಲಿ ಬರುತ್ತಾ?" ಎಂದು ಕೊಡ ಎತ್ತಿಕೊಂಡು ನಡೆದಳು. ಆಮೇಲೆ ನೀರಿಗೆ ಮಗಳನ್ನು ಕಳಿಸುತ್ತಿದ್ದಳೇ ಹೊರತು ತಾನು ಬರಲಿಲ್ಲ. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ಆ ಸೌದೆ ಡಿಪೋದವರ ಮೇಲೆ.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಸ್ವಲ್ಪ ದಿನದ ಮೇಲೆ ಒಬ್ಬರೇ ನಡೆದು ಬಂದು, ನಮ್ಮ ಜಗಲಿಯ ಮೇಲೆ ಕೂತು ಕುಡಿಯಲು ನೀರು ಕೇಳಿದರು. ಕೊಟ್ಟೆ. ಮನಸ್ಸಿನಲ್ಲಿದ್ದುದನ್ನು ಕೇಳಿಯೂ ಬಿಟ್ಟೆ.

"ನಾನು ಕೇಳ್ದೇ ಇದ್ರೂ ನಲ್ಲಿ ಯಾಕೆ ಇಲ್ಲಿ ಹಾಕಿಸಿದ್ರಿ?"

"ಎಲ್ರೂ ಬಂದ್ರು, ನೀವೊಬ್ರು ಬರ್ನಿಲ್ಲ ಅಕ್ಕಾ. ನಂಗ್ ವೋಟ್ ಆಕಿಲ್ಲ, ಅದ್ಕೇ ಇಂಗೆ ದೂರ ಅವ್ರೆ ಅಂದ್ಕಂಡೆ. ನಲ್ಲಿ ಬಂದ್ರೆ ಮುಂದಿನ್ ಸಲ ಆಕ್ತೀರಾ ಅಂತ..."

"ಆಗ ಹಾಕಿದ್ದೆ," ಎಂದೆ. "ನಲ್ಲಿ ಬಂದ್ಮೇಲೆ ಹಾಕಲಿಲ್ಲ."

ಅವರು ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನು ನಲ್ಲಿ ಕೇಳಲು ಹೋಗಿರಲಿಲ್ಲ ಎಂಬುದನ್ನು ಅವರ ಬಾಯಿಂದಲೇ ಆಪಾಗೆ ಹೇಳಿಸಬೇಕು ಎಂದು ಎದುರು ಮನೆಯ ಕಡೆ ತಿರುಗಿದೆ. ಆಪಾ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಜಗಲಿಯಲ್ಲಿ ಕೂತವರನ್ನೂ ಅವರ ಕೈಯಲ್ಲಿದ್ದ ನಮ್ಮ ಮನೆಯ ಲೋಟವನ್ನೂ ನೋಡಿ, ತಲೆಯಾಡಿಸಿ, ಬಾಗಿಲು ಹಾಕಿಕೊಂಡಳು.