ಚೊಂಬಿನ ನೆಗ್ಗು, ಮಾವನವರ ಏರ್‌ಗನ್ನು

ನಮ್ಮ ಮನೆಯ ಪೂಜೆಯ ಹಿತ್ತಾಳೆ ಚೊಂಬಿಗೆ ಒಂದು ನೆಗ್ಗು ಬಿದ್ದಿದೆ. ಯಾರಾದರೂ ಕೇಳಿದರೆ ‘ತೊಳೆಯುವಾಗ ಕೈ ಜಾರಿತು’ ಎಂದು ಹೇಳಿಬಿಡುತ್ತೇನೆ. ದೇವರ ಪಾತ್ರೆಯ ವಿಷಯದಲ್ಲಿ ಸುಳ್ಳು ಹೇಳಬಾರದು, ಗೊತ್ತು. ಆದರೆ ‘ನಾನೇ ಬಂದೂಕಿನಿಂದ ಹೊಡೆದೆ’ ಎಂದರೆ ಅರಿಶಿನ ಕುಂಕುಮಕ್ಕೆ ಬಂದವರು ಮತ್ತೊಮ್ಮೆ ನಮ್ಮ ಹೊಸ್ತಿಲು ತುಳಿಯುತ್ತಾರೆಯೇ? ನಿಮಗೆ ಮಾತ್ರ ನಿಜ ಹೇಳುತ್ತೇನೆ.

ಬಂದೂಕು ಎಂದೊಡನೆ ಗಾಬರಿಯಾಗಬೇಡಿ. ಏರ್‌ಗನ್ನು. ನಮ್ಮ ಮಾವನವರು ಸಂಡೂರಿನ ಕಡೆ ಒಂದು ಗಣಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ನಿವೃತ್ತರಾಗಿ ಹೊಸಪೇಟೆಯ ಮನೆಗೆ ಬಂದ ವರ್ಷವೇ ಹಿತ್ತಲಿನ ಪೇರಲ ಗಿಡವನ್ನು ಕಾಯಲು ಅದನ್ನು ತಂದರು. ಗಿಡದ ಮೇಲೆ ಅವರಿಗೆಷ್ಟು ಆಸೆಯೋ ಮಂಗಗಳಿಗೂ ಅಷ್ಟೇ. ಇವರು ಬಾಗಿಲಿಗೆ ಬಂದು ಆಕಾಶಕ್ಕೆ ಒಂದು ಹೊಡೆಯುತ್ತಿದ್ದರು. ಮಂಗಗಳು ಮರ್ಯಾದೆಗೆಂಬಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಇವರು ಒಳಗೆ ಹೋದೊಡನೆ ಮತ್ತೆ ಬರುತ್ತಿದ್ದವು. ಇಷ್ಟು ವರ್ಷಗಳಲ್ಲಿ ಒಂದು ಎಲೆಗೂ ಗಾಯವಾಗಿಲ್ಲ. ಹನುಮಪ್ಪ ಹುಟ್ಟಿದ ಬೆಟ್ಟ ಹೊಳೆಯ ಆಚೆ ದಂಡೆಯಲ್ಲೇ ಇರುವಾಗ ಮಂಗಕ್ಕೆ ಗುರಿಯಿಡುವ ಧೈರ್ಯ ಯಾರಿಗಿದೆ? “ಇದು ಅವುಗಳದ ಊರು, ನಾವು ಬಾಡಿಗಿಯವರು,” ಎಂದು ಮಾವನವರೇ ಹೇಳುತ್ತಿದ್ದರು. ಆ ಏರ್‌ಗನ್ನಿನ ವಾಸ ಹಿತ್ತಲ ಬಾಗಿಲ ಹಿಂದಿನ ಗೂಟದಲ್ಲಿ, ಅವರ ಛತ್ರಿಯ ಪಕ್ಕ. ನಾನು ಅದನ್ನು ಎರಡನೆಯ ಛತ್ರಿ ಎಂದೇ ತಿಳಿದು ಧೂಳು ಒರೆಸುತ್ತಿದ್ದೆ.

ಆಯುಧಪೂಜೆಯ ದಿನ ಮಾತ್ರ ಅದಕ್ಕೆ ರಾಜಮರ್ಯಾದೆ. ದೇವರ ಜಗಲಿಯ ಮುಂದೆ ಚಾಪೆ ಹಾಸಿ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ನಮ್ಮ ಮನೆಯವರ ಸ್ಪ್ಯಾನರ್‌ಗಳು, ಕೊನೆಗೆ ಏರ್‌ಗನ್ನು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನನ್ನ ತವರು ಕಂಪ್ಲಿ. ಅಲ್ಲಿ ನಮ್ಮಪ್ಪನ ಅಕ್ಕಿ ಗಿರಣಿ ಇತ್ತು. ಯಂತ್ರ ಎಲ್ಲಿ ಕೆಲಸ ಮಾಡುತ್ತದೆಯೋ ಅಲ್ಲಿಗೇ ಕುಂಕುಮ ಇಡಬೇಕು ಎಂದು ಅಪ್ಪ ಕಲಿಸಿದ್ದರು. ಈಳಿಗೆಗೆ ಅಲಗಿನ ಮೇಲೆ, ಹೊಲಿಗೆ ಯಂತ್ರಕ್ಕೆ ಸೂಜಿಯ ಬುಡಕ್ಕೆ. ಹಾಗಾದರೆ ಬಂದೂಕಿಗೆ? ನಾನು ಭಕ್ತಿಯಿಂದ ಕುದುರೆಗೇ, ಅಂದರೆ ಬೆರಳಿನಿಂದ ಒತ್ತುವ ಆ ಕೊಂಡಿಗೇ, ಒದ್ದೆ ಕುಂಕುಮ ಹಚ್ಚಿದೆ.

ಮರುದಿನ ವಿಜಯದಶಮಿ. ಸಂಜೆ ಬನ್ನಿ ಕೊಡಲು ಓಣಿಯ ಜನರೆಲ್ಲ ಬರುತ್ತಾರೆ, ಮಕ್ಕಳೂ ಬರುತ್ತವೆ, ಅಷ್ಟರೊಳಗೆ ಚಾಪೆ ಎತ್ತಿಬಿಡೋಣ ಎಂದು ಬೆಳಿಗ್ಗೆಯೇ ಒದ್ದೆ ಬಟ್ಟೆ ಹಿಡಿದು ಕೂತೆ. ಮಾವನವರು ಒಂದೇ ಮಾರು ದೂರದಲ್ಲಿ ಜಗಲಿಯ ಮುಂದೆ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಯಲ್ಲಿದ್ದರು. ಮೊಣಕಾಲ ಪಕ್ಕ ನೀರು ತುಂಬಿದ ಚೊಂಬು. ಈಳಿಗೆ ಒರೆಸಿದೆ, ಕತ್ತರಿ ಒರೆಸಿದೆ. ಏರ್‌ಗನ್ನಿನ ಕುದುರೆಗೆ ಕುಂಕುಮ ಒಣಗಿ ಅಂಟಿತ್ತು. ಹೆಬ್ಬೆರಳಿನಿಂದ ಒತ್ತಿ ತಿಕ್ಕಿದೆ.

‘ಫಟ್’ ಎಂದಿತು. ‘ಟಣ್’ ಎಂದಿತು. ಚೊಂಬು ಉರುಳಿ ನೀರೆಲ್ಲ ಮಾವನವರ ಮಡಿಪಂಚೆಯ ಮೇಲೆ.

ಅವರು ಅಂಗೈ ಅಲುಗಿಸದೆ ಕೇಳಿದರು: “ಮಂಗ್ಯಾ ಒಳಗ ಬಂತೇನವ್ವ?”

ನಾನು ಏರ್‌ಗನ್ನು ಚಾಪೆಯ ಮೇಲಿಟ್ಟು ಚೊಂಬನ್ನು ನೋಡಿದೆ. ಅವರ ಮೊಣಕಾಲಿಗೂ ಚೊಂಬಿನ ನೆಗ್ಗಿಗೂ ನಡುವೆ ಒಂದು ಗೇಣು. ದೇವರು ಆ ದಿನ ನಮ್ಮ ಮನೆಗೆ ಕೊಟ್ಟದ್ದು ಆ ಒಂದು ಗೇಣು. ನಾನು ದಿನಾ ಮಲಗುವ ಮುಂಚೆ ಆ ದಿನದ ಉಪಕಾರಗಳನ್ನು ಬೆರಳೆಣಿಸಿ ನೆನೆಯುವವಳು. ಹಾಲು ಉಕ್ಕಲಿಲ್ಲ, ನಲ್ಲಿ ನೀರು ಬಂತು, ಹೀಗೆ. ಅಂದು ರಾತ್ರಿ ಒಂದೇ ಬೆರಳು ಮಡಚಿ ಎಣಿಕೆ ಅಲ್ಲಿಗೇ ನಿಲ್ಲಿಸಿದೆ.

ಪೂಜೆ ಮುಗಿಸಿ ಅವರು ಎದ್ದರು. ಏರ್‌ಗನ್ನು ನೋಡಿದರು, ಚೊಂಬು ನೋಡಿದರು.

“ನಾನ ಅಲ್ಲಿ ಕುಂಕುಮ ಹಚ್ಚಬಾರದಿತ್ರೀ ಮಾವಾರ,” ಎಂದೆ.

“ಕುಂಕುಮದ್ದೇನು ತಪ್ಪವ್ವ? ತುಂಬಿಟ್ಟವ ನಾನು.” ಉರುಳಿದ ಚೊಂಬನ್ನು ಎತ್ತಿ ನಿಲ್ಲಿಸಿ, “ಯಾವತ್ತ ತುಂಬಿದ್ನೋ, ನೆನಪ ಇಲ್ಲ ನೋಡು,” ಎಂದರು.

ಗುಂಡಿನ ಸದ್ದಿಗಿಂತ ಆ ಮಾತಿಗೆ ನನಗೆ ಹೆಚ್ಚು ಹೆದರಿಕೆಯಾಯಿತು. ಅವರಿಗೂ ಆಗಿತ್ತು. ಇತ್ತೀಚೆಗೆ ಕನ್ನಡಕ, ಔಷಧಿ ಮರೆಯುವುದು ಇತ್ತು, ಇದು ಬೇರೆ.

ಸಂಜೆ ಬನ್ನಿ ಹಿಡಿದು ಎದುರು ಮನೆಯ ಶಾಂತಕ್ಕ ಬಂದರು. ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಅವರ ಯೂನಿಫಾರ್ಮು ಮಾತ್ರ, ದನಿಯಲ್ಲ. ಅಡುಗೆಮನೆಗೆ ಕರೆದು ಎಲ್ಲ ಹೇಳಿ, “ಲೈಸೆನ್ಸ್ ಬೇಕಿತ್ತೇನಕ್ಕ? ಹಿಡ್ಕೊಂಡು ಹೋಗ್ತಾರೇನು?” ಎಂದು ಕೇಳಿದೆ.

“ಯಾರನ್ನ, ನಿನ್ನನ್ನ? ಚೊಂಬು ಕಂಪ್ಲೇಂಟ್ ಕೊಟ್ರ ನೋಡೋಣಂತ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಬಿಡಿಸಿ ಹೇಳಿದರು. ಪಾಯಿಂಟ್ ಒನ್ ಸೆವೆನ್ ಸೆವೆನ್ ಅಳತೆಯ ಸಣ್ಣ ನಳಿಗೆ, ಜೋರು ಇಪ್ಪತ್ತು ಜೂಲಿನೊಳಗೆ ಇದ್ದರೆ ಲೈಸೆನ್ಸ್ ಬೇಡ; ಅದಕ್ಕೂ ಮೀರಿದರೆ ಬೇಕು. ಕೊಳ್ಳುವಾಗ ಅಂಗಡಿಯವರಿಗೆ ಗುರುತಿನ ಚೀಟಿ ಕೊಡಬೇಕು, ರಸೀದಿ ಜೋಪಾನವಾಗಿಡಬೇಕು. ನವಿಲು, ಕರಿಮೂತಿಯ ಮುಸ್ಯ ಮುಂತಾದ ಕಾಡುಪ್ರಾಣಿಗೆ ಗುರಿಯಿಟ್ಟರೆ ಅದು ಬೇರೆಯೇ ಕಾನೂನು, ಬೇರೆಯೇ ಜೈಲು. ಓಣಿಯಲ್ಲಿ ಹಿಡಿದು ತಿರುಗಿ ಜನರನ್ನು ಹೆದರಿಸಿದರೂ ಕೇಸೇ. ಅನುಮಾನವಿದ್ದರೆ ಠಾಣೆಯಲ್ಲಿ ಕೇಳಿದರೆ ಹೇಳುತ್ತಾರೆ.

“ಲೈಸೆನ್ಸ್ ಬ್ಯಾಡ ಅಂದ್ರ ಬುದ್ಧಿನೂ ಬ್ಯಾಡ ಅಂತಲ್ಲ ಅನ್ನಪೂರ್ಣ. ಗೂಟಕ್ಕ ಯಾಕ ತೂಗಾಕಿದ್ದಿ? ಕೀಲಿ ಹಾಕಿಡು. ಗುಂಡು ಬ್ಯಾರೆ ಕಡಿ ಇಡು.”

“ಗುಂಡು ಆಗಲೇ ತೆಗೆದಿಟ್ಟೀನಕ್ಕ,” ಎಂದು ಹೆಮ್ಮೆಯಿಂದ ಜೀರಿಗೆ ಡಬ್ಬಿಯ ಪಕ್ಕದ ಡಬ್ಬಿ ತೋರಿಸಿದೆ.

“ಲೇ, ಅದು ಸೀಸ! ಒಗ್ಗರಣಿಗೆ ಹಾಕೀಯ! ತೆಗಿ ಮೊದಲು, ಕೈ ತೊಳ್ಕೊ!”

ನಮ್ಮ ಮನೆಯವರು ಕಂಪನಿ ಬಸ್ಸಿಳಿದು ಬಂದು ವಿಷಯ ಕೇಳಿದವರೇ, “ಯಾರಿಗಾದ್ರೂ ಕೊಟ್ಟು ಬಿಡೋಣ ಅತ್ಲಾಗ,” ಎಂದರು. ಮಾವನವರು ಊಟ ಅರ್ಧಕ್ಕೆ ಬಿಟ್ಟರು. ಕೊಡುವುದು ಸುಲಭ. ಆದರೆ ಮೊದಲು ಏರ್‌ಗನ್ನು ಕಸಿದುಕೊಂಡು, ಆಮೇಲೆ ಸೈಕಲ್ಲು, ಆಮೇಲೆ ಬ್ಯಾಂಕಿನ ಪಾಸ್‌ಬುಕ್ಕು ಎಂದು ಒಂದೊಂದೇ ಕಸಿಯುತ್ತ ಹೋದರೆ ಕೊನೆಗೆ ಆ ಮನುಷ್ಯನಲ್ಲಿ ಏನು ಉಳಿದೀತು? ಹಾಗೆಂದು ಗೂಟಕ್ಕೆ ಮತ್ತೆ ತೂಗುಹಾಕಲೂ ಆಗದು. ಮೂರು ದಿನ ನನಗೆ ದೇವರ ದೀಪದ ಮುಂದೆಯೂ ಅದೇ ಯೋಚನೆ.

ನಾಲ್ಕನೆಯ ದಿನ ಚಹಾ ಕೊಡುತ್ತ ಕೇಳಿದೆ: “ಗಣಿ ಸ್ಟೋರಿನಾಗ ಸಿಡಿಮದ್ದು ಹೆಂಗ ಇಡ್ತಿದ್ರಿ ಮಾವಾರ?”

ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. “ಮದ್ದು ಒಂದ್ ಕಡಿ, ಅದನ್ನ ಸಿಡಿಸೋ ಕೇಪು ಇನ್ನೊಂದ್ ಕಡಿ. ಎರಡೂ ಕೀಲಿ ಒಬ್ರ ಕೈಯಾಗ ಇರಬಾರದು. ಸಾಹೇಬ ಬಂದು ಕೇಳಿದ್ರೂ ನಾ ಕೊಡ್ತಿದ್ದಿಲ್ಲ.”

“ಹಂಗಾದ್ರ ನಮ್ಮನಿ ಸ್ಟೋರಿಗೂ ನೀವ ರೂಲ್ ಹೇಳ್ರಿ.”

ಒಂದು ನಿಮಿಷ ನನ್ನನ್ನೇ ನೋಡಿದರು. ಸೊಸೆ ಏನು ಮಾಡುತ್ತಿದ್ದಾಳೆಂದು ತಿಳಿಯದಷ್ಟು ಮರೆವು ಅವರಿಗಿನ್ನೂ ಬಂದಿರಲಿಲ್ಲ. ಆದರೂ ಎದ್ದರು. ನನ್ನ ಮದುವೆಯ ಕಬ್ಬಿಣದ ಟ್ರಂಕನ್ನು ಅಟ್ಟದಿಂದ ಇಳಿಸಿದರು. ನಳಿಗೆಯನ್ನು ಬುಡದಲ್ಲಿ ಮಡಚಿ ತೆರೆದು ತೋರಿಸಿ, ಖಾಲಿ ಎಂದು ಖಾತ್ರಿ ಮಾಡಿ, ಎಣ್ಣೆಬಟ್ಟೆಯಲ್ಲಿ ಒರೆಸಿ, ತಮ್ಮ ಹಳೇ ಕಂಬಳಿಯಲ್ಲಿ ಸುತ್ತಿ ಮಲಗಿಸಿದರು. ಸ್ಪ್ರಿಂಗ್ ಎಳೆದಿಟ್ಟರೆ ಅದಕ್ಕೂ ದಣಿವಾಗುತ್ತದೆ ಎಂದರು. ಟ್ರಂಕಿನ ಕೀಲಿ ನನಗೆ. ಗುಂಡಿನ ಡಬ್ಬಿ ಅವರ ಅಲಮಾರಿಯಲ್ಲಿ. ಅದರ ಕೀಲಿ ಅವರ ಉಡಿದಾರಕ್ಕೆ.

ಆ ವರ್ಷವೆಲ್ಲ ಮಂಗ ಬಂದಾಗ, “ಕೀಲಿ ತಾರವ್ವ!” ಎಂದು ಕೂಗುತ್ತಿದ್ದರು. ನಾನು ಹುಡುಕಿ ತರುವಷ್ಟರಲ್ಲಿ ಮಂಗಗಳ ಊಟ ಮುಗಿದಿರುತ್ತಿತ್ತು. ಬೇಕೆಂದೇ ನಿಧಾನ ಮಾಡುತ್ತಿದ್ದೆ. ಅವರೂ ಬೇಕೆಂದೇ ತಡವಾಗಿ ಕೂಗುತ್ತಿದ್ದರೇನೋ.

ಒಂದು ಮಧ್ಯಾಹ್ನ ನೆಂಟರೊಡನೆ ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕಲ್ಲುಗಳನ್ನು ನೋಡುತ್ತ ನಿಂತೆ. ಆನೆ, ಕುದುರೆ, ಕತ್ತಿ, ಈಟಿ, ಸಾಲು ಸಾಲು. ಅರಸರು ಇಲ್ಲೇ ಕೂತು ಹಬ್ಬ ಮಾಡಿದರಂತೆ. ಹಬ್ಬ ಮುಗಿದ ಮೇಲೆ ಅಷ್ಟೊಂದು ಆಯುಧಗಳನ್ನು ಎಣ್ಣೆ ಸವರಿ ಎತ್ತಿಟ್ಟವರು ಯಾರು, ಕೀಲಿ ಯಾರ ಸೊಂಟದಲ್ಲಿತ್ತು? ಆ ಕಲ್ಲುಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಹಾಗೆ ನೋಡುತ್ತಿದ್ದಾಗಲೇ ನಮ್ಮಪ್ಪನ ಗಿರಣಿ ನೆನಪಾಯಿತು. ಪೂಜೆಗೆ ಮುಂಚೆ ಅಪ್ಪ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು! ನಾನು ಕುಂಕುಮವನ್ನಷ್ಟೇ ತವರಿನಿಂದ ತಂದು, ಫ್ಯೂಸನ್ನು ಕಂಪ್ಲಿಯಲ್ಲೇ ಮರೆತುಬಂದಿದ್ದೆ.

ಮರುವರ್ಷದ ಆಯುಧಪೂಜೆಗೆ ಮಾವನವರು ಏರ್‌ಗನ್ನನ್ನು ತಾವೇ ಟ್ರಂಕಿನಿಂದ ತೆಗೆದು, ನಳಿಗೆ ಮಡಚಿ ತೆರೆದು ಕಿಟಕಿಯ ಕಡೆ ಹಿಡಿದರು. “ನೋಡವ್ವ, ಬೆಳಕು ಕಾಣ್ತೈತಿ?” ಕಂಡಿತು. ನಾನು ಕುಂಕುಮವನ್ನು ಕಟ್ಟಿಗೆಯ ಹಿಡಿಗೆ ಹಚ್ಚಿದೆ. ಪೂಜೆ ಮುಗಿದು ಮಂಗಳಾರತಿ ತಣ್ಣಗಾಗುವಷ್ಟರಲ್ಲಿ ಅದು ಮತ್ತೆ ಟ್ರಂಕಿನೊಳಗೆ. ರಾತ್ರಿಯಿಡೀ ಆಯುಧ ಅಲುಗಿಸಬಾರದೆಂಬ ಪದ್ಧತಿಯನ್ನು ಆ ಒಂದಕ್ಕೆ ಮಾತ್ರ ಶಿವ ಮಾಫಿ ಮಾಡಿರಬೇಕು.

ದಶಮಿಯ ಸಂಜೆ ಬನ್ನಿ ಕೊಟ್ಟು ಅವರ ಕಾಲಿಗೆ ನಮಸ್ಕರಿಸಿದೆ. ತಿರುಗಿ ಅವರು ನನ್ನ ಅಂಗೈಗೆ ಬನ್ನಿ ಎಲೆಯೊಂದಿಗೆ ಇನ್ನೇನೋ ಇಟ್ಟರು. ಗುಂಡಿನ ಡಬ್ಬಿಯಿದ್ದ ಅಲಮಾರಿಯ ಕೀಲಿ.

“ಎರಡೂ ಕೀಲಿ ಒಬ್ರ ಕೈಯಾಗ ಇರಬಾರದು ಅಂತ ನೀವ ಹೇಳಿದ್ರಲ್ರೀ ಮಾವಾರ?”

“ನಿನ್ನ ಗಂಡಗ ಕೊಡು. ಇದು ಯಾತರ ಕೀಲಿ ಅನ್ನೋದು ಇವತ್ತ ನೆನಪೈತಿ, ಇವತ್ತ ಕೊಡಾಕತ್ತೀನಿ.”

ಕೊಟ್ಟರು, ಅಷ್ಟೇ. ಕಸಿದುಕೊಳ್ಳಬೇಕಾಗಿ ಬರಲಿಲ್ಲ. ಆ ರಾತ್ರಿ ಬೆರಳೆಣಿಸುವಾಗ ಅದನ್ನೇ ಮೊದಲು ಮಡಚಿದೆ.

ಪೇರಲ ಈಗ ಪೂರ್ತಿ ಮಂಗಗಳದ್ದು. ಹೊಸ ಚೊಂಬು ತರೋಣ ಎಂದು ಮನೆಯವರು ಹೇಳುತ್ತಲೇ ಇರುತ್ತಾರೆ. ನಾನು ಬೇಡ ಎನ್ನುತ್ತೇನೆ. ದಿನಾ ಬೆಳಿಗ್ಗೆ ಮಾವನವರ ಪೂಜೆಗೆ ಅದರಲ್ಲೇ ನೀರು ತುಂಬಿ ಕೊಡುತ್ತೇನೆ. ಮುಂಚೆ ಒದ್ದೆ ಕೈಗೆ ಜಾರುತ್ತಿತ್ತು. ಈಗ ಹೆಬ್ಬೆರಳು ಸರಿಯಾಗಿ ಆ ನೆಗ್ಗಿನಲ್ಲಿ ಕೂರುತ್ತದೆ, ಹಿಡಿತ ತಪ್ಪುವುದಿಲ್ಲ.